ಬಾದಾಮಿಯಲ್ಲಿ ಇಬ್ಬರೂ ಅತಿಥಿಗಳು

ಪ್ರವಾಸಕ್ಕೆ ಹೊರಡುವಾಗ ನಮ್ಮ ಸಂಸಾರಗಳಲ್ಲಿ ಮೊದಲು ಚರ್ಚೆಯಾಗುವುದು ನೋಡಬೇಕಾದ ಸ್ಥಳಗಳು. ಆಮೇಲೆ ರೈಲು ಬಸ್ಸುಗಳ ವೇಳೆ. ಎಲ್ಲಕ್ಕೂ ಕೊನೆಯಲ್ಲಿ, ಪೆಟ್ಟಿಗೆ ಕಟ್ಟುವ ಹೊತ್ತಿಗೆ, ಇಳಿದುಕೊಳ್ಳುವ ಜಾಗ. "ರಾತ್ರಿ ಮೈ ಚಾಚಲು ಎಲ್ಲಾದರೂ ಒಂದಿಷ್ಟು ಸ್ಥಳವಾದರೆ ಸಾಕು" ಎಂಬುದು ಮಧ್ಯಮ ವರ್ಗದ ಮನೆಗಳಲ್ಲಿ ತಲೆಮಾರುಗಳಿಂದ ಕೇಳಿಬಂದ ಮಾತು.

ಈ ಮಾತಿಗೆ ಕಾರಣವಿಲ್ಲದಿಲ್ಲ. ನಮ್ಮ ಹಿರಿಯರು ಹೊರಡುತ್ತಿದ್ದುದು ಯಾತ್ರೆಗೆ, ಪ್ರವಾಸಕ್ಕಲ್ಲ. ಯಾತ್ರಿಕರಿಗೆ ಛತ್ರಗಳಿದ್ದವು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರ 1903ರಷ್ಟು ಹಿಂದಿನದು. ಸರ್ಕಾರಿ ಅಧಿಕಾರಿಗಳಿಗೆ ಪ್ರವಾಸಿ ಮಂದಿರಗಳಿದ್ದವು. ಉಳಿದವರಿಗೆ ನಂಟರಿಷ್ಟರ ಮನೆಗಳಿದ್ದವು. 'ಹೋಟೆಲು' ಎಂದರೆ ಕಾಫಿ ತಿಂಡಿಯ ಜಾಗವೆಂದೇ ಬಹುಕಾಲ ನಮ್ಮ ತಿಳಿವಳಿಕೆ. ಮಲಗುವುದಕ್ಕೆ ಇದ್ದದ್ದು 'ಲಾಡ್ಜು'. ಆ ಹೆಸರೂ ಸಂಸಾರಸ್ಥರ ಕಿವಿಗೆ ಅಷ್ಟೊಂದು ಹಿತವಾಗಿರಲಿಲ್ಲ. 1971ರಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, ಬರಬರುತ್ತ ಅದರ 'ಮಯೂರ' ಹೋಟೆಲುಗಳು ಪ್ರೇಕ್ಷಣೀಯ ಸ್ಥಳಗಳಲ್ಲಿ ಕಾಣಿಸಿಕೊಂಡವು. ಖಾಸಗಿಯವರೂ ಆ ದಾರಿ ಹಿಡಿದರು. ಹೀಗೆ ಧರ್ಮಛತ್ರಕ್ಕೂ ಅರಮನೆಯಂಥ ಹೋಟೆಲಿಗೂ ನಡುವೆ, ಸಂಬಳದಾರರ ಕೈಗೆ ಎಟಕುವಂಥ ಮೂರನೆಯದೊಂದು ವರ್ಗ ಇಂದು ನಮ್ಮ ಸಣ್ಣ ಊರುಗಳಲ್ಲೂ ಬೆಳೆದು ನಿಂತಿದೆ.

ಈ ನಡುದರದ ಕೋಣೆಯಿಂದ ಗಂಡಹೆಂಡಿರಿಗೆ ಆಗುವ ಪ್ರಯೋಜನವಾದರೂ ಏನು? ಕೊಟ್ಟ ಹಣಕ್ಕೆ ತಕ್ಕುದು ದೊರೆಯುತ್ತದೆಯೇ? ಬಾದಾಮಿಯಲ್ಲಿ ಎರಡು ರಾತ್ರಿ ತಂಗಿ ಬಂದ ಮೇಲೆ ಈ ಪ್ರಶ್ನೆಗೆ ನನ್ನದೇ ಒಂದು ಉತ್ತರವಿದೆ.

ಷಡ್ಡಕರ ಮನೆಯೋ, ಬಾಡಿಗೆಯ ಕೋಣೆಯೋ?

ನಮ್ಮ ಯಜಮಾನರು ನಿವೃತ್ತರಾದ ವರ್ಷ, 2025ರ ಡಿಸೆಂಬರಿನಲ್ಲಿ, ಇಬ್ಬರೇ ಎಲ್ಲಿಗಾದರೂ ಹೋಗಿಬರಬೇಕೆಂದು ತೀರ್ಮಾನವಾಯಿತು. ಮದುವೆಯಾಗಿ ಮೂವತ್ತಾರು ವರ್ಷಗಳಲ್ಲಿ ನಾವಿಬ್ಬರೇ ಹೊರಟ ಪ್ರವಾಸ ಅದೇ ಮೊದಲನೆಯದು. ಬಾದಾಮಿಯ ಹೆಸರನ್ನು ಎತ್ತಿದವಳು ನಾನು. "ಹಾಗಾದರೆ ಬಾಗಲಕೋಟೆಯಲ್ಲಿ ನಮ್ಮ ಷಡ್ಡಕರ ಮನೆಯೇ ಇದೆಯಲ್ಲ! ಅಲ್ಲಿಂದ ದಿನಾ ಹೋಗಿಬಂದರಾಯಿತು" ಎಂದರು ಇವರು.

ನನ್ನ ತಂಗಿ ಒಳ್ಳೆಯವಳು. ಅವಳ ಮನೆಯ ಆದರಕ್ಕೆ ಕೊರತೆಯಿಲ್ಲ. ಆದರೆ ನಂಟರ ಮನೆಗೆ ಹೋದ ಗಂಡಸು ಅತಿಥಿ. ಹೆಂಗಸು ಮಾತ್ರ ಅಡುಗೆಮನೆಗೆ ಸೇರಿದ ಇನ್ನೊಂದು ಕೈ. ಇವರು ಪಡಸಾಲೆಯಲ್ಲಿ ಪತ್ರಿಕೆ ಬಿಡಿಸಿ ಕುಳಿತರೆ ಅದು ಶೋಭೆ. ನಾನು ಹಾಗೆಯೇ ಕುಳಿತರೆ ಗುಹೆಗಳಿಗಿಂತ ಮೊದಲು ನನ್ನನ್ನೇ ಜನ ನೋಡಲು ಬಂದಾರು! ತರಕಾರಿ ಹೆಚ್ಚುವುದು, ರೊಟ್ಟಿಗೆ ಹಿಟ್ಟು ನಾದುವುದು, ಉಂಡೆದ್ದ ತಟ್ಟೆಗಳನ್ನು ಎತ್ತುವುದು ಎಲ್ಲವೂ ಪ್ರೀತಿಯಿಂದಲೇ ನಡೆಯುತ್ತವೆ. ಆದರೆ ಪ್ರೀತಿಯ ಕೆಲಸವೂ ಕೆಲಸವೇ.

"ತಂಗಿಯ ಮನೆಗೆ ಹಿಂತಿರುಗುವಾಗ ಒಂದು ದಿನ ಹೋಗೋಣ. ಎರಡು ರಾತ್ರಿ ಕೋಣೆ ಹಿಡಿಯಿರಿ. ಹಣ ನನ್ನ ಡಬ್ಬಿಯದು" ಎಂದೆ. ಡಬ್ಬಿಯ ಮಾತು ಬಂದ ಮೇಲೆ ಚರ್ಚೆ ಮುಂದುವರಿಯಲಿಲ್ಲ.

ಗುಡ್ಡ ಕಾಣುವ ಖೋಲಿ

ಮಧ್ಯಾಹ್ನ ಮೈಸೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ, ಗದಗ ದಾಟಿ, ಮರುದಿನ ಬೆಳಗ್ಗೆ ಬಾದಾಮಿ. ನಿಲ್ದಾಣದಿಂದ ಊರು ಸುಮಾರು ಐದು ಕಿಲೋಮೀಟರು; ಆಟೋಗಳು ಸಾಲುಗಟ್ಟಿ ನಿಂತಿರುತ್ತವೆ. ಎರಡು ಬದಿಯ ಹೊಲಗಳಲ್ಲಿ ಜೋಳ ತೂಗುತ್ತಿರುವಾಗಲೇ ಎದುರಿನಲ್ಲಿ ಕೆಂಪು ಬಂಡೆಗಳ ಗುಡ್ಡ ಏಳುತ್ತದೆ. ಆ ಗುಡ್ಡದ ಬುಡದಲ್ಲೇ ಚಾಲುಕ್ಯರ ವಾತಾಪಿ. ಮೊದಲನೆಯ ಪುಲಕೇಶಿ ಈ ಗುಡ್ಡವನ್ನು ಕೋಟೆಯಾಗಿ ಮಾಡಿಸಿದ್ದು ಕ್ರಿ.ಶ. 543ರಲ್ಲಿ ಎಂದು ಬಂಡೆಯ ಮೇಲಿನ ಶಾಸನವೇ ಹೇಳುತ್ತದೆ.

ನಾವು ಇಳಿದುಕೊಂಡ ಹೋಟೆಲು ಮುಖ್ಯ ಬೀದಿಯಿಂದ ತುಸು ಒಳಗಿತ್ತು. ಮೂರು ಅಂತಸ್ತು, ಮುಂದೆ ನಾಲ್ಕು ಹೂಕುಂಡ, ಕೆಳಗೆ ಊಟದ ಹಾಲು, ಆಡಂಬರವೇನೂ ಇಲ್ಲ. ಬೀದಿಯ ಕಡೆಯ ಕೋಣೆಯ ಬೀಗದ ಕೈಯನ್ನು ಮೇಜಿನ ಹುಡುಗ ಮುಂದಿಟ್ಟಾಗ, "ಕಿಟಕಿಯಿಂದ ಏನು ಕಾಣುತ್ತಪ್ಪಾ?" ಎಂದು ಕೇಳಿದೆ. ಅವನು ನಕ್ಕು, "ಹಿಂದಿನ ಖೋಲಿ ತಗೋರಿ ಅಮ್ಮಾರ, ಗುಡ್ಡ ಕಾಣತೈತಿ. ಗದ್ದಲಾನೂ ಇರಂಗಿಲ್ಲ. ಆದ್ರ ಕಿಟಕಿ ತಗದಿಟ್ಟು ಹೋಗಬ್ಯಾಡ್ರಿ, ಮಂಗ್ಯಾ ಒಳಗ ಬರತಾವ" ಎಂದ. ಬಾಡಿಗೆ ಎರಡಕ್ಕೂ ಒಂದೇ: ಬೆಳಗಿನ ತಿಂಡಿಯೂ ಸೇರಿ ದಿನಕ್ಕೆ 2,400 ರೂಪಾಯಿ.

ಕೋಣೆಯನ್ನು ವರ್ಣಿಸಲು ಹೆಚ್ಚು ಮಾತು ಬೇಡ. ಒಗೆದು ಇಸ್ತ್ರಿ ಮಾಡಿದ ಬಿಳಿಯ ಹಾಸು, ಎರಡು ಹೊದಿಕೆ, ಕಿಟಕಿಯ ಬಳಿ ಎರಡು ಕುರ್ಚಿ, ನಡುವೆ ಒಂದು ಪುಟ್ಟ ಮೇಜು. ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು. ಗೋಡೆಯ ಮೇಲೊಂದು ಟೆಲಿವಿಷನ್ನು. ಅದನ್ನು ನಾವು ಹಾಕಲೇ ಇಲ್ಲ. ಕಿಟಕಿಯ ಪರದೆ ಸರಿಸಿದರೆ ಕೆಂಪು ಬಂಡೆ, ಅದರ ನೆತ್ತಿಯಲ್ಲಿ ಕೋಟೆಯ ಗೋಡೆ, ಅದರಾಚೆ ಆಕಾಶ.

ಮರುದಿನ ಬೆಳಗ್ಗೆ ಕಣ್ಣು ತೆರೆದಾಗ ಆರೂವರೆ. ಹಾಲು ಕಾಯಿಸಬೇಕೆಂದು ಕಾಲು ತಾನಾಗಿಯೇ ನೆಲಕ್ಕೆ ಇಳಿಯಿತು. ಆಮೇಲೆ ನೆನಪಾಯಿತು, ಇಲ್ಲಿ ಒಲೆಯಿಲ್ಲ. 'ಇವತ್ತು ತಿಂಡಿ ಏನು?' ಎಂಬ ಪ್ರಶ್ನೆಗೆ ಆ ದಿನ ಉತ್ತರ ಕೊಡಬೇಕಾದವಳು ನಾನಲ್ಲ! ಕೆಳಗಿನ ಹಾಲಿನಲ್ಲಿ ಯಾರೋ ಮಾಡಿದ ಉಪ್ಪಿಟ್ಟು, ಯಾರೋ ಹುಯ್ದ ದೋಸೆ, ಯಾರೋ ಬೆರೆಸಿದ ಕಾಫಿ. ಕಾಫಿಗೆ ಸಕ್ಕರೆ ತುಸು ಹೆಚ್ಚಾಗಿತ್ತು. ಆದರೂ ನನ್ನ ಕೈಯದಲ್ಲದ ಆ ಕಾಫಿಯ ರುಚಿಯನ್ನು ಗೃಹಿಣಿಯರಾದ ನನ್ನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೇಣಬಸದಿಯಲ್ಲಿ ಒಂದು ಪಾಠ

ನಾಲ್ಕು ಗುಹಾಲಯಗಳನ್ನೂ ಮೊದಲ ದಿನದ ಪೂರ್ವಾಹ್ನದಲ್ಲೇ ನೋಡಿದ್ದೆವು. ಊರಿನವರು ಇವನ್ನು ಮೇಣಬಸದಿಗಳೆನ್ನುತ್ತಾರೆ. ಮೊದಲನೆಯದು ಶಿವನದು, ಬಾಗಿಲ ಪಕ್ಕದಲ್ಲೇ ಹದಿನೆಂಟು ತೋಳುಗಳ ನಟರಾಜ. ಎರಡನೆಯದೂ ಮೂರನೆಯದೂ ವಿಷ್ಣುವಿನವು, ನಾಲ್ಕನೆಯದು ಜಿನಾಲಯ. ಎಲ್ಲಕ್ಕೂ ದೊಡ್ಡದು ಮೂರನೆಯ ಗುಹೆ. ಮಂಗಲೇಶನ ಶಾಸನ ಇರುವುದು ಇಲ್ಲಿಯೇ. ಅದರ ಕಾಲ ಶಕವರ್ಷ 500, ಅಂದರೆ ಕ್ರಿ.ಶ. 578. ಕಾಲವನ್ನು ಹೀಗೆ ಖಚಿತವಾಗಿ ಹೇಳುವುದರಿಂದ ನಮ್ಮ ಗುಹಾಲಯಗಳ ಚರಿತ್ರೆಯಲ್ಲಿ ಈ ಬರಹಕ್ಕೆ ಬಹಳ ಬೆಲೆ.

ಈ ಗುಹೆಯ ಕಂಬಗಳ ತುದಿಯಲ್ಲಿ, ಸೂರನ್ನು ತಾಳಿರುವ ಬೋದಿಗೆಗಳ ಮೇಲೆ, ಗಂಡುಹೆಣ್ಣಿನ ಜೋಡಿಗಳಿವೆ. ಒಂದೊಂದು ಜೋಡಿಯ ಮೇಲೂ ಒಂದೊಂದು ಮರದ ನೆರಳು. ದೇವತೆಗಳಲ್ಲ, ಅರಸರೂ ಅಲ್ಲ. ಒಬ್ಬರಿಗೊಬ್ಬರು ಒರಗಿ ಸುಮ್ಮನೆ ನಿಂತ ದಂಪತಿಗಳು. ಒಳಗಿನ ವರಾಹ, ನರಸಿಂಹ, ತ್ರಿವಿಕ್ರಮರನ್ನು ನೋಡುವ ಅವಸರದಲ್ಲಿ ಬಂದವರು ಇವರನ್ನು ನೋಡುವುದೇ ಇಲ್ಲ. ತಲೆ ಎತ್ತಿ, ಕತ್ತು ನೋಯುವವರೆಗೆ ನಿಲ್ಲುವಷ್ಟು ವೇಳೆ ಬೇಕು. ಸಂಜೆಯ ಬಸ್ಸು ಹಿಡಿಯಬೇಕಾದವರಿಗೆ ಆ ವೇಳೆ ಎಲ್ಲಿಂದ ಬರಬೇಕು?

ಶಕ 500ಕ್ಕೆ 78 ಸೇರಿಸಬೇಕೆಂದೂ, ಮಂಗಲೇಶ ಇಮ್ಮಡಿ ಪುಲಕೇಶಿಯ ಚಿಕ್ಕಪ್ಪನೆಂದೂ ನಾನು ಹೇಳುತ್ತಿದ್ದರೆ ಇವರು ಶಾಸನವನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಏನೂ ಕೇಳಲಿಲ್ಲ.

ನಡುಹಗಲಿನ ಬೆಲೆ

ಬಾದಾಮಿಯಲ್ಲಿ ಹನ್ನೆರಡು ಗಂಟೆಯ ಮೇಲೆ, ಡಿಸೆಂಬರಿನಲ್ಲೂ, ಬಂಡೆ ಕಾಯುತ್ತದೆ. ಒಂದು ದಿನಕ್ಕೆಂದು ಬಂದವರು ಆ ಬಿಸಿಲಿನಲ್ಲೇ ಅಲೆಯಬೇಕು, ಕೋಣೆಯಿದ್ದವರು ಹಿಂತಿರುಗಬಹುದು. ಬಾಡಿಗೆ ಕೊಡುವುದು ರಾತ್ರಿಯ ನಿದ್ದೆಗೆಂದು ನಾವೆಲ್ಲ ತಿಳಿದಿದ್ದೇವೆ. ಅದರ ನಿಜವಾದ ಬೆಲೆ ಗೊತ್ತಾಗುವುದು ಮಧ್ಯಾಹ್ನದ ಒಂದು ಗಂಟೆಯಿಂದ ನಾಲ್ಕರವರೆಗೆ.

ಊಟ ಮುಗಿಸಿ ಬಂದು, ಮುಖ ತೊಳೆದು, ಕಿಟಕಿಯ ಬಳಿಯ ಆ ಎರಡು ಕುರ್ಚಿಗಳಲ್ಲಿ ಕುಳಿತೆವು. ಆಗ ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು: ನಾವಿಬ್ಬರೂ ಪಿಸುಮಾತಿನಲ್ಲೇ ಮಾತನಾಡುತ್ತಿದ್ದೆವು! ತುಂಬಿದ ಮನೆಯಲ್ಲಿ ಸಂಸಾರ ಹೂಡಿದವರು ನಾವು. ಪಕ್ಕದ ಕೋಣೆಯಲ್ಲಿ ಅತ್ತೆ ಮಾವ, ನಡುಮನೆಯಲ್ಲಿ ಮೈದುನಂದಿರು. ಆಮೇಲೆ ಓದುವ ಮಕ್ಕಳು, ಅವರಾದ ಮೇಲೆ ಮಲಗಿದ ಮೊಮ್ಮಗು. ಯಾರಿಗೂ ಕೇಳಿಸಬಾರದೆಂದು ಕಲಿತ ಪಿಸುಮಾತು ಕೇಳುವವರಿಲ್ಲದ ಕಡೆಯಲ್ಲೂ ಬಿಟ್ಟಿರಲಿಲ್ಲ. ಇವರಿಗೆ ಹೇಳಿದೆ. ಇಬ್ಬರೂ ನಕ್ಕೆವು, ಜೋರಾಗಿಯೇ ನಕ್ಕೆವು.

ಆಮೇಲೆ ಮಾತು ನಿಂತಿತು. ಮಗನ ಪುಣೆಯ ನೌಕರಿ, ಮಗಳ ಶಿವಮೊಗ್ಗದ ಮನೆ, ನಲ್ಲಿಯ ರಿಪೇರಿ, ಔಷಧದ ಚೀಟಿ — ದಿನನಿತ್ಯದ ಈ ವಿಷಯಗಳೆಲ್ಲ ರೈಲಿನಲ್ಲೇ ಮುಗಿದಿದ್ದವು. ಇನ್ನು ಆಡುವುದಕ್ಕೆ ಏನಿದೆ ಎಂದು ನನಗೆ ಒಳಗೊಳಗೇ ಅಳುಕಾಯಿತು. ಮಕ್ಕಳು ದೂರವಾದ ಮೇಲೆ, ನೌಕರಿ ಮುಗಿದ ಮೇಲೆ, ಒಂದೇ ಸೂರಿನ ಕೆಳಗೆ ಮಾತಿಲ್ಲದೆ ಉಳಿದುಹೋದ ಎಷ್ಟು ಜೋಡಿಗಳನ್ನು ನಾವು ನೋಡಿಲ್ಲ?

ಬಹಳ ಹೊತ್ತಿನ ಮೇಲೆ ಇವರು ಕೇಳಿದರು: "ಆ ಮಂಗಲೇಶ, ಶಕವರ್ಷ ಎಲ್ಲ ನಿನಗೆ ಹೇಗೆ ಗೊತ್ತು?"

"ಬಿ.ಎ. ಮೊದಲ ವರ್ಷದಲ್ಲಿ ನನ್ನದು ಚರಿತ್ರೆ. ಪರೀಕ್ಷೆಗೆ ಬಾದಾಮಿ ಚಾಲುಕ್ಯರ ಮೇಲೆ ಪ್ರಶ್ನೆ ಬಂದಿತ್ತು. ಆ ಬೇಸಿಗೆಯಲ್ಲೇ ನಮ್ಮ ಮದುವೆ."

"ಆ ಪುಸ್ತಕಗಳೆಲ್ಲ ಏನಾದುವು?"

"ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿವೆ."

"ಇನ್ನೂ ಇವೆಯೆ?"

"ಇನ್ನೂ ಇವೆ."

ಅವರು ಸ್ವಲ್ಪ ಹೊತ್ತು ಗುಡ್ಡವನ್ನು ನೋಡುತ್ತಿದ್ದು, "ಮುಂದೆ ಓದಬೇಕೆಂಬ ಆಸೆ ನಿನಗಿತ್ತೆ?" ಎಂದರು. ಮೂವತ್ತಾರು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ. ಮನೆಯಲ್ಲಾಗಿದ್ದರೆ "ಅಯ್ಯೋ, ಅದೆಲ್ಲ ಈಗೇಕೆ" ಎಂದು ಎದ್ದು ಒಳಗೆ ಹೋಗುತ್ತಿದ್ದೆ. ಕುಕ್ಕರಿನ ಸೀಟಿಯೋ ಬಾಗಿಲ ಗಂಟೆಯೋ ನನ್ನ ನೆರವಿಗೆ ಬರುತ್ತಿತ್ತು. ಅಲ್ಲಿ ಎದ್ದು ಹೋಗಲು ಒಳಮನೆಯೇ ಇರಲಿಲ್ಲ. "ಇತ್ತು" ಎಂದೆ. ಇತ್ತೆಂದು ಹೇಳಿದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಬಂತು: ಕಾಲೇಜಿನ ಕಲ್ಲಿನ ಕಟ್ಟಡ, ಚರಿತ್ರೆಯ ಅಧ್ಯಾಪಕಿಯ ಹತ್ತಿಯ ಸೀರೆ, ಬಾದಾಮಿಗೆ ಕರೆದೊಯ್ಯುವುದಾಗಿ ಅವರು ಹೇಳಿದ್ದ ಪ್ರವಾಸ, ಅದಕ್ಕೆ ನಾನು ಹೋಗಲಾಗದೆ ಉಳಿದದ್ದು. ಇವರೂ ತಮ್ಮ ಕಚೇರಿಯ ಮೊದಲ ವರ್ಷಗಳ ಒಂದೆರಡು ಸಂಗತಿಗಳನ್ನು ಹೇಳಿದರು. ಅವು ಅವರವು, ಇಲ್ಲಿ ಬರೆಯಲಾರೆ. ಗಡಿಯಾರ ನೋಡಿದಾಗ ನಾಲ್ಕೂವರೆ.

ಸಂಜೆ ಅಗಸ್ತ್ಯತೀರ್ಥದ ದಂಡೆಯಲ್ಲಿ ನಡೆದು ಭೂತನಾಥನ ಗುಡಿಯ ಜಗಲಿಯ ಮೇಲೆ ಕುಳಿತೆವು. ಮೂರು ಕಡೆ ಕೆಂಪು ಬಂಡೆ, ನಡುವೆ ಹಸಿರು ನೀರು. ಈ ಕೆರೆಯ ಬದಿಯ ಬಂಡೆಯ ಮೇಲೆಯೇ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ ಅದರಲ್ಲಿದೆ. ಜನಪದ ಹೆಂಗಸರು ಬೀಸುವಾಗ ಹಾಡುವ ಅದೇ ತ್ರಿಪದಿ. ಬಂಡೆಗಳ ಬಣ್ಣ ಕಿತ್ತಳೆಯಾಗಿ, ಕಂದಾಗಿ, ಕೊನೆಗೆ ಕಪ್ಪಾಗುವವರೆಗೆ ನಾವು ಏಳಲಿಲ್ಲ. ಹಿಂತಿರುಗಲು ಹತ್ತು ಹೆಜ್ಜೆಯಲ್ಲಿ ಒಂದು ಕೋಣೆಯಿದೆ ಎಂಬ ನೆಮ್ಮದಿಯಿದ್ದರೆ ಮಾತ್ರ ಸೂರ್ಯಾಸ್ತವನ್ನು ಪೂರ್ತಿಯಾಗಿ ನೋಡಬಹುದು.

ರಾಣಿಯ ಗುಡಿ, ಬುಟ್ಟಿಯ ರೊಟ್ಟಿ

ಎರಡನೆಯ ದಿನಕ್ಕೆ ಆಟೋ ಗೊತ್ತುಮಾಡಿಕೊಂಡು ಪಟ್ಟದಕಲ್ಲಿಗೆ ಹೋದೆವು. ಬಾದಾಮಿಯಿಂದ 22 ಕಿಲೋಮೀಟರು. ಮಲಪ್ರಭೆಯ ದಡದಲ್ಲಿ ಉತ್ತರದ ಶೈಲಿಯ ಗುಡಿಗಳೂ ದಕ್ಷಿಣದ ಶೈಲಿಯ ಗುಡಿಗಳೂ ಅಕ್ಕಪಕ್ಕದಲ್ಲಿ ನಿಂತಿರುವ ಈ ಸ್ಥಳ 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇವುಗಳಲ್ಲಿ ಹಿರಿಯದಾದ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಲೋಕಮಹಾದೇವಿ. ಪತಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ದೇವಾಲಯ ಅವಳ ತಂಗಿ, ಅದೇ ಅರಸನ ಇನ್ನೊಬ್ಬ ರಾಣಿ, ತ್ರೈಲೋಕ್ಯಮಹಾದೇವಿಯದು. ಗೆಲುವು ಗಂಡನದಾದರೂ ದೇವರಿಗೆ ಇಟ್ಟದ್ದು ಹೆಂಡತಿಯ ಹೆಸರು: ಲೋಕೇಶ್ವರ. ಗುಡಿಯನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿ ಉಳಿದಿದೆ.

"ನಾನು ಯಾವ ಕಂಚಿಯನ್ನೂ ಗೆಲ್ಲಲಿಲ್ಲವಲ್ಲ" ಎಂದರು ಇವರು.

"ಬಚ್ಚಲ ನಲ್ಲಿಯನ್ನು ಗೆದ್ದು ಕೊಡಿ, ಒಂದು ಗೂಡಾದರೂ ಕಟ್ಟಿಸುತ್ತೇನೆ" ಎಂದೆ.

ಐಹೊಳೆ ಇನ್ನೂ ಮುಂದಿದೆ. ಒಂದೇ ದಿನದಲ್ಲಿ ಮೂರನ್ನೂ ಮುಗಿಸುವವರಿದ್ದಾರೆ. ನಾವು ಐಹೊಳೆಯನ್ನು ಬೇರೊಂದು ಸಲಕ್ಕೆ ಉಳಿಸಿಕೊಂಡು ಬನಶಂಕರಿಗೆ ಬಂದೆವು. ಬನದ ಹುಣ್ಣಿಮೆಯ ಜಾತ್ರೆಗೆ ಇನ್ನೂ ದಿನಗಳಿದ್ದುದರಿಂದ ಜನ ಕಡಿಮೆ. ದೇವಿಯ ದರ್ಶನ ಮುಗಿಸಿ ಹೊರಬಂದರೆ ಹರಿದ್ರಾತೀರ್ಥದ ಬಳಿ ಹೆಂಗಸರು ಬುಟ್ಟಿಗಳನ್ನಿಟ್ಟುಕೊಂಡು ಕರೆಯುತ್ತಾರೆ. ಜೋಳದ ರೊಟ್ಟಿ, ಕಾಳುಪಲ್ಲೆ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ನೆರಳಿನಲ್ಲಿ ಕುಳಿತು ಉಂಡೆವು. ನಾನು ಏಳಹೊರಟಾಗ ರೊಟ್ಟಿಯಾಕೆ ಮುಂಗೈ ಹಿಡಿದು, "ಕುಂದರ್ರೀ ಯವ್ವಾ, ದಿನಾ ನೀವ ಬಡಸ್ತೀರಿ, ಇವತ್ತ ಉಣ್ರಿ" ಎಂದು ಇನ್ನೊಂದು ರೊಟ್ಟಿ ಹಾಕಿದಳು. ಆ ತಾಯಿಗೆ ನನ್ನ ಮನಸ್ಸು ಹೇಗೆ ತಿಳಿಯಿತೋ! ಅವಳೂ ನಸುಕಿನಲ್ಲಿ ಎದ್ದು ಇಷ್ಟು ರೊಟ್ಟಿ ಬಡಿದು, ಬುಟ್ಟಿ ಹೊತ್ತು ಬಂದವಳು. ಒಬ್ಬಳ ಬಿಡುವಿನ ಹಿಂದೆ ಇನ್ನೊಬ್ಬಳ ದುಡಿಮೆ ಇರುತ್ತದೆ. ಹೋಟೆಲಿನ ಬಿಳಿಯ ಹಾಸನ್ನು ಒಗೆದವಳೂ ಒಬ್ಬಳು ಇದ್ದೇ ಇರುತ್ತಾಳೆ. ಹೊರಡುವ ದಿನ ಕೋಣೆ ಗುಡಿಸುವಾಕೆಯ ಕೈಗೆ ಏನಾದರೂ ಕೊಟ್ಟು, ಹೆಸರು ಕೇಳಿ ಬರುವುದು ಅತಿಥಿಯ ಧರ್ಮ.

ಹೊರಡುವವರಿಗೆ ನಾಲ್ಕು ಮಾತು

ಲೆಕ್ಕವನ್ನೂ ಹೇಳಿಬಿಡುವುದು ಒಳ್ಳೆಯದು. ಎರಡು ರಾತ್ರಿಗೆ 4,800 ರೂಪಾಯಿ, ತೆರಿಗೆ 240, ಒಟ್ಟು 5,040. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರ ಬದಲು 5 ಆಗಿದೆ. ಬಿಲ್ಲನ್ನು ಒಮ್ಮೆ ನೋಡಿಕೊಳ್ಳಿ. ಕೋಣೆ ಹಿಡಿಯುವಾಗ ಅಲಂಕಾರವನ್ನು ಕೇಳಬೇಡಿ. ಕಿಟಕಿ ತೆರೆಯುತ್ತದೆಯೇ, ಬಿಸಿನೀರು ಯಾವ ಹೊತ್ತಿನಲ್ಲಿ ಬರುತ್ತದೆ, ಬೀದಿಯ ಸದ್ದು ಕೇಳುತ್ತದೆಯೇ ಎಂದು ಕೇಳಿ. ಹಣ ಕೊಡುವ ಮೊದಲು ಕೋಣೆಯನ್ನು ಕಣ್ಣಾರೆ ನೋಡಿ. ರೈಲು ಬೆಳಗ್ಗೆಯೇ ಇಳಿಸುತ್ತದೆ. ಎಷ್ಟೋ ಹೋಟೆಲುಗಳು ಕೋಣೆ ಕೊಡುವುದು ಮಧ್ಯಾಹ್ನ. ಇದನ್ನು ಮೊದಲೇ ಫೋನಿನಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಇಬ್ಬರ ಗುರುತಿನ ಚೀಟಿಯೂ ಕೈಯಲ್ಲಿರಲಿ. ನೋಡುವ ಸ್ಥಳಗಳ ಪಟ್ಟಿಯಿಂದ ಒಂದನ್ನಾದರೂ ಹೊಡೆದುಹಾಕಿ, ಆ ವೇಳೆಯನ್ನು ಕಿಟಕಿಯ ಬಳಿಯ ಕುರ್ಚಿಗಳಿಗೆ ಕೊಡಿ.

ಐದು ಸಾವಿರ ರೂಪಾಯಿ ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ಅದರಲ್ಲಿ ಒಂದು ಇಳಕಲ್ಲಿನ ಸೀರೆಯೂ ಗುಳೇದಗುಡ್ಡದ ಖಣವೂ ಬರುತ್ತಿದ್ದವು, ವರ್ಷಗಟ್ಟಲೆ ಉಡಬಹುದಾಗಿತ್ತು. ಆದರೆ ಇಬ್ಬರೂ ಏಕಕಾಲದಲ್ಲಿ ಅತಿಥಿಗಳಾಗುವ ಭಾಗ್ಯ ಮನೆಯಲ್ಲೂ ಇಲ್ಲ, ನಂಟರಲ್ಲೂ ಇಲ್ಲ. ಅದು ಅರಮನೆಯಂಥ ಹೋಟೆಲಿನಲ್ಲೂ ನಮಗೆ ಸಿಗಲಾರದು. ಅಲ್ಲಿ ಪ್ರತಿ ಗುಟುಕು ಕಾಫಿಗೂ ಮನಸ್ಸು ಬೆಲೆ ಕಟ್ಟುತ್ತಿರುತ್ತದೆ. ಖರ್ಚಿನ ಚಿಂತೆ ಕಾಡದಷ್ಟು ಅಗ್ಗ, ಕೊಳೆಯ ಚಿಂತೆ ಕಾಡದಷ್ಟು ಶುಚಿ: ಇವೆರಡರ ನಡುವೆ ಮನಸ್ಸು ಹಗುರಾಗಿ, ಹಳೆಯ ಪ್ರಶ್ನೆಗಳು ನಾಲಿಗೆಗೆ ಬರುತ್ತವೆ.

ಅಟ್ಟದ ಟ್ರಂಕನ್ನು ಈಗ ಕೆಳಗಿಳಿಸಿದೆ. ಪುಸ್ತಕಗಳ ಅಂಚನ್ನು ಒಂದಿಷ್ಟು ಹುಳು ತಿಂದಿದೆ. ಅಕ್ಷರಗಳಿಗೆ ಏನೂ ಆಗಿಲ್ಲ. ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಅರ್ಜಿಯನ್ನು ತುಂಬುತ್ತ ಇವರು ಮೇಜಿನ ಬಳಿ ಕುಳಿತಿದ್ದಾರೆ. ಚರಿತ್ರೆಯ ಜೊತೆಗೆ ಇನ್ನೆರಡು ವಿಷಯ ಯಾವುವೆಂದು ಕೇಳುತ್ತಿದ್ದಾರೆ, ಗಟ್ಟಿಯಾದ ದನಿಯಲ್ಲಿ.